ಬರಿಗಾಡಿಯ ಭಾರ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಬಿ.ಎಚ್.ಇ.ಎಲ್. ಕಾರ್ಖಾನೆಯ ನೆರೆಯಲ್ಲಿ, ಮೈಸೂರು ರಸ್ತೆಯ ಮಗ್ಗುಲಿಗೆ ಹಬ್ಬಿಕೊಂಡಿರುವ ದೀಪಾಂಜಲಿ ನಗರದಲ್ಲಿ ವಾಸಿಸುವವರಿಗೆ ರಾತ್ರಿಯ ನಿಶ್ಶಬ್ದವೆಂಬುದು ದುರ್ಲಭವಾದ ವಸ್ತು. 2015ರಿಂದ ಮೆಟ್ರೋ ರೈಲು ನೆತ್ತಿಯ ಮೇಲೆ ಸಂಚರಿಸುತ್ತಿರುವುದು ನಿಜವೇ ಆದರೂ, ಅದು ನಿಂತ ಮೇಲೆಯೂ ನಿಲ್ಲದಿರುವುದು ಕೆಳಗಣ ಲಾರಿಗಳ ಸದ್ದು. ಆ ಸದ್ದಿನಲ್ಲಿ ಎರಡು ಜಾತಿಗಳುಂಟು. ಸರಕು ಹೇರಿಕೊಂಡ ಲಾರಿ ಆಳವಾಗಿ ಗುಡುಗುತ್ತ, ನೆಲವನ್ನು ಅದುಮಿಕೊಂಡು ಸಾಗುತ್ತದೆ; ಖಾಲಿ ಲಾರಿಯಾದರೋ ಸರಪಳಿಗಳನ್ನು ಝಣಝಣಿಸುತ್ತ, ಪ್ರತಿಯೊಂದು ಹಳ್ಳಕ್ಕೂ ಹಲಗೆಗಳನ್ನು ಬಡಿದುಕೊಳ್ಳುತ್ತ ಓಡುತ್ತದೆ. ಹಗುರವಾದುದೇ ಹೆಚ್ಚು ಗದ್ದಲ ಮಾಡುವುದೇಕೆಂದು ಬಹುಕಾಲ ನಾನು ಯೋಚಿಸಿದವನಲ್ಲ. ಯೋಚಿಸುವಂತೆ ಮಾಡಿದವನು ನನ್ನ ತಂಗಿಯ ಮೊಮ್ಮಗ.

ಆ ಹುಡುಗನು ಮಹಡಿಯ ಕೋಣೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು ವಿಮಾನ ಹಾರಿಸುವ ಆಟವನ್ನು ಅಭ್ಯಾಸ ಮಾಡಿಕೊಂಡಿದ್ದನು. ಕೇವಲ ಹಾರಾಟ ಬೇಸರವಾದಾಗ ಅದಕ್ಕೆ ಎಫ್‌ಎಸ್‌ಇಕಾನಮಿ ಎಂಬ ಪೂರಕ ವ್ಯವಸ್ಥೆಯೊಂದನ್ನು ಜೋಡಿಸಿಕೊಂಡನು. ಇದು ಹಾರಾಟಕ್ಕೆ ಲೆಕ್ಕಪತ್ರವನ್ನು ಕೂಡಿಸುವ ಏರ್ಪಾಡು. ಹೊಸಬನಿಗೆ ಇಲ್ಲಿ ಸ್ವಂತ ವಿಮಾನವಿಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯಬೇಕು. ಇಂಧನ ಸೇರಿದ ಬಾಡಿಗೆಗೆ ಹಸಿ ಬಾಡಿಗೆಯೆಂದೂ, ಇಂಧನದ ವೆಚ್ಚವನ್ನು ಪ್ರತ್ಯೇಕವಾಗಿ ತೆರಬೇಕಾದುದಕ್ಕೆ ಒಣ ಬಾಡಿಗೆಯೆಂದೂ ಹೆಸರು; ನಮ್ಮ ಹಳ್ಳಿಗಳಲ್ಲಿ ಮೇವು ಸಹಿತವಾಗಿ ಎತ್ತಿನ ಗಾಡಿಯನ್ನು ಗೊತ್ತುಮಾಡುವುದಕ್ಕೂ ಮೇವಿಲ್ಲದೆ ಗೊತ್ತುಮಾಡುವುದಕ್ಕೂ ಇದ್ದ ಭೇದವೇ ಇದು. ನಿಲ್ದಾಣದ ಆಳುಗಳಿಗೆ ಕೂಲಿ ಸಲ್ಲಬೇಕು. ವಿಮಾನವನ್ನು ಕೊಂಡವನು ಪ್ರತಿ ನೂರು ಗಂಟೆಗಳ ಹಾರಾಟಕ್ಕೊಮ್ಮೆ ಅದನ್ನು ಪರೀಕ್ಷೆಗೊಳಪಡಿಸಬೇಕು. ಎಲ್ಲಕ್ಕಿಂತ ಅರ್ಥಪೂರ್ಣವಾದ ನಿಯಮ ಇನ್ನೊಂದು: ಬಾಡಿಗೆಯ ವಿಮಾನವನ್ನು ಅದರ ಮೂಲಸ್ಥಾನದಿಂದ ದೂರ ಒಯ್ದವನು ಹೆಚ್ಚು ತೆರಬೇಕು, ಮೂಲಸ್ಥಾನದ ಕಡೆಗೆ ತಂದವನಿಗೆ ರಿಯಾಯಿತಿಯುಂಟು.

ಒಂದು ಸಂಜೆ ಅವನು ನನ್ನನ್ನು ಕರೆದು ಕೇಳಿದನು: "ಅಜ್ಜ, ಜಕ್ಕೂರಿನಿಂದ ಬಳ್ಳಾರಿಗೆ ಹೋಗುವವರು ಇಬ್ಬರಿದ್ದಾರೆ. ಅಲ್ಲಿಂದ ಬರುವವರು ಯಾರೂ ಇಲ್ಲ. ಹೋಗಲೋ ಬೇಡವೋ?"

ಬಾಲಕನ ಬಾಯಿಂದ ಬಂದ ಈ ಪ್ರಶ್ನೆ ಸಾಗಾಣಿಕೆಯ ವೃತ್ತಿಯಷ್ಟೇ ಪುರಾತನವಾದುದು. ಕರ್ನಾಟಕದ ಶಾಸನಗಳಲ್ಲಿ ಹೇರು, ಹೇರೆತ್ತು, ಪೆರ್ಜುಂಕ ಮುಂತಾದ ಮಾತುಗಳು ಮತ್ತೆ ಮತ್ತೆ ಕಾಣಬರುತ್ತವೆ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದವರು ದೇಶದೇಶಗಳಲ್ಲಿ ಭೂಮಾರ್ಗವಾಗಿ ನಡೆಸಿದ ವ್ಯಾಪಾರ ಎತ್ತು, ಕೋಣ, ಕತ್ತೆಗಳ ಬೆನ್ನಮೇಲೆಯೇ ನಿಂತಿತ್ತು. ಆಟದಲ್ಲಿ ಕೂಲಿ, ಶುಲ್ಕಗಳು ಕಳೆಯುತ್ತ ಹೋದಾಗ ಹುಡುಗನು ನಿಟ್ಟುಸಿರುಬಿಡುವುದನ್ನು ಕಂಡು, ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಗಾದೆ ಎಷ್ಟು ತಲೆಮಾರುಗಳ ಅನುಭವದಿಂದ ಹುಟ್ಟಿರಬೇಕೆಂದು ನನಗೆ ತೋರಿತು. ಅನಂತರದ ಕಾಲದಲ್ಲಿ ಈ ವಿದ್ಯೆಯಲ್ಲಿ ಪಾರಂಗತರಾದವರು ಲಂಬಾಣಿಗಳು. ಸಾವಿರಾರು ಎತ್ತುಗಳ ಮೇಲೆ ಒಳನಾಡಿನ ಧಾನ್ಯವನ್ನು ಕರಾವಳಿಗೆ ಇಳಿಸಿ, ಅಲ್ಲಿಂದ ಉಪ್ಪನ್ನು ಘಟ್ಟದ ಮೇಲಕ್ಕೆ ತರುತ್ತಿದ್ದ ಅವರ ಹೆಸರೇ ಲವಣ ಶಬ್ದದಿಂದ ಬಂದಿತೆಂಬುದು ಕೆಲವು ವಿದ್ವಾಂಸರ ಅಭಿಪ್ರಾಯ. ಆ ಅಭಿಪ್ರಾಯ ಸಾಧುವಾದುದಾದರೆ, ಒಂದು ಜನಾಂಗವು ಹೋಗುವಾಗ ಹೊತ್ತುದರಿಂದಲ್ಲ, ಹಿಂದಿರುಗುವಾಗ ಹೊತ್ತುದರಿಂದ ಹೆಸರು ಪಡೆಯಿತೆಂದಾಯಿತು. ಏಕೆಂದರೆ ಲಾಭವಿದ್ದುದು ಆ ಮರುಹೇರಿನಲ್ಲಿ. ಕ್ಷಾಮಪೀಡಿತರಿಗೆ ಕೆಲಸ ಕಲ್ಪಿಸುತ್ತ ಹಾಕಿದ ಬೆಂಗಳೂರು–ಮೈಸೂರು ರೈಲುಮಾರ್ಗವು 1882ರಲ್ಲಿ ಪೂರ್ಣವಾದ ಮೇಲೆ ದೂರದ ಸರಕು ಹಳಿಯ ಮೇಲೆ ಹತ್ತಿತು. ಗಾಡಿಯವರಿಗೆ ಉಳಿದುದು ನಿಲ್ದಾಣದಿಂದ ಪೇಟೆಗೆ, ಪೇಟೆಯಿಂದ ಹಳ್ಳಿಗೆ ಎಂಬ ಕಿರುದಾರಿಗಳು. ಆ ಕಿರುದಾರಿಯಲ್ಲಿಯೂ ಬರಿಗಾಡಿಯನ್ನು ಹೊಡೆದುಕೊಂಡು ಬಂದವನು ಎತ್ತಿಗೆ ದ್ರೋಹ ಮಾಡಿದನೆಂಬ ಮಾತನ್ನು ನಾನು ಬಾಲ್ಯದಲ್ಲಿ ಕೇಳಿದ್ದುಂಟು.

ಆಕಾಶಮಾರ್ಗ ತೆರೆದಾಗಲೂ ಈ ನಿಯಮ ಬದಲಾಗಲಿಲ್ಲ. 1911ರ ಫೆಬ್ರವರಿ 18ರಂದು ಆನ್ರಿ ಪೆಕೆ ಎಂಬ ಫ್ರೆಂಚ್ ವೈಮಾನಿಕನು ಅಲಹಾಬಾದಿನಿಂದ ಯಮುನೆಯಾಚೆಯ ನೈನಿಗೆ ಸುಮಾರು 6,500 ಪತ್ರಗಳನ್ನು ಒಯ್ದುದು ಅಧಿಕೃತವಾದ ವಿಮಾನ ಅಂಚೆಯ ಆರಂಭವೆಂದು ಪ್ರಸಿದ್ಧವಾಗಿದೆ. ಆದರೆ ಅದೊಂದು ಪ್ರದರ್ಶನ. ನಮ್ಮಲ್ಲಿ ಅದು ವೃತ್ತಿಯಾದುದು 1932ರ ಅಕ್ಟೋಬರ್ 15ರಂದು. ಅಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಮುಟ್ಟಿಸಿದನು. ಅಹಮದಾಬಾದಿನಲ್ಲಿ ಆ ವಿಮಾನಕ್ಕೆ ಬೇಕಾದ ಪೆಟ್ರೋಲು ಡಬ್ಬಗಳಲ್ಲಿ ತುಂಬಿ ಎತ್ತಿನ ಗಾಡಿಯ ಮೇಲೆ ಬಂದಿತು. ಹಳೆಯ ಸಾಗಾಣಿಕೆಯು ಹೊಸದಕ್ಕೆ ತನ್ನ ಕೈಯಾರ ಉಣಿಸಿದ ಆ ಕ್ಷಣವನ್ನು ನೆನೆದಾಗ ನನ್ನ ಮನಸ್ಸು ತುಂಬಿಬರುತ್ತದೆ.

ಸರ್ಕಾರದ ಸಹಾಯಧನವಿಲ್ಲದೆ, ಒಯ್ದ ಅಂಚೆಯ ತೂಕಕ್ಕೆ ಸಲ್ಲುವ ಹಣವನ್ನೇ ನಂಬಿ ಹೊರಟ ಆ ಉದ್ಯಮ, ಮಳೆಗಾಲದಲ್ಲಿ ಜುಹುವಿನ ಮೈದಾನ ಜಲಾವೃತವಾದಾಗ ಪುಣೆಗೆ ವಲಸೆ ಹೋಗುತ್ತಿದ್ದ ಆ ಉದ್ಯಮ, ಮೊದಲ ವರ್ಷದಲ್ಲಿ 1,60,000 ಮೈಲಿ ಹಾರಿ, ಕೇವಲ 155 ಪ್ರಯಾಣಿಕರನ್ನೂ ಸುಮಾರು ಹತ್ತು ಟನ್ ಅಂಚೆಯನ್ನೂ ಹೊತ್ತು, 60,000 ರೂಪಾಯಿ ಲಾಭ ಗಳಿಸಿತು. ಇದು ಸಾಧ್ಯವಾದುದು ಹೇಗೆಂದು ವಿಚಾರಿಸಿದರೆ, ಅಂಚೆಯ ಸ್ವಭಾವದಲ್ಲಿಯೇ ಒಂದು ಉತ್ತರ ದೊರೆಯುತ್ತದೆಂದು ನನ್ನ ಭಾವನೆ. ಮದರಾಸಿನಿಂದ ಹೋದ ಕಾಗದಕ್ಕೆ ಕರಾಚಿಯ ಮಾರ್ಗವಾಗಿ ಲಂಡನ್ನಿನಿಂದ ಪ್ರತ್ಯುತ್ತರ ಬರಲೇಬೇಕು. ಧಾನ್ಯ ಧಾನ್ಯವನ್ನು ಕರೆತರುವುದಿಲ್ಲ. ಪತ್ರವಾದರೋ ತನ್ನ ಮರುಹೇರನ್ನು ತಾನೇ ಹುಟ್ಟಿಸುತ್ತದೆ. ಹಗುರವೂ ಆತುರವೂ ಆದ, ಹೋದಷ್ಟೂ ಹಿಂದಿರುಗುವ ಇಂಥ ಸರಕು ಆ ಪುಟ್ಟ ರೆಕ್ಕೆಗಳಿಗೆ ಇನ್ನೊಂದಿರಲಿಲ್ಲ.

ಬೆಂಗಳೂರಿನಲ್ಲಿ ವಿಮಾನದ ಕಥೆ ಕಾರ್ಖಾನೆಯಿಂದ ಬೆಳೆಯಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು; ಆ ದಶಕ ಮುಗಿಯುವ ಮುನ್ನವೇ ಜಕ್ಕೂರಿನಲ್ಲಿ ಹಾರಾಟದ ಶಾಲೆ ತಲೆಯೆತ್ತಿತು. ಆದರೆ ವಿಮಾನದ ವ್ಯಾಪಾರವನ್ನು ಸಾಮಾನ್ಯರ ಹೊಸ್ತಿಲಿಗೆ ತಂದ ಕೀರ್ತಿ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥರದು. ಸೈನ್ಯದಿಂದ ಹಿಂದಿರುಗಿ, ರೇಷ್ಮೆ ಬೆಳೆದು, ಹೆಲಿಕಾಪ್ಟರ್ ಬಾಡಿಗೆಯ ಉದ್ಯಮ ನಡೆಸಿದ ಅವರು 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಆರಂಭಿಸಿ, ಎಟಿಆರ್ ವಿಮಾನಗಳಿಂದ ಹುಬ್ಬಳ್ಳಿಯಂಥ ಊರುಗಳನ್ನು ಬೆಂಗಳೂರಿಗೆ ಬೆಸೆದರು. ಒಂದು ರೂಪಾಯಿಗೆ ಟಿಕೆಟ್ಟು ಮಾರಿದುದನ್ನು ಜನ ಅಂದು ವಿಸ್ಮಯದಿಂದ ಕಂಡರು. ಗಾಡಿಯವನಿಗೆ ಅದರಲ್ಲಿ ವಿಸ್ಮಯವೇನಿಲ್ಲ: ಖಾಲಿ ಪೀಠವೂ ಇಂಧನ ತಿನ್ನುತ್ತದೆ, ವಿಮಾನ ಮೇಲೆದ್ದ ಮರುಕ್ಷಣ ಅದರ ಬೆಲೆ ಸೊನ್ನೆ. ಲೆಕ್ಕ ಕಠೋರವಾದುದು, 2007ರಲ್ಲಿ ಆ ಸಂಸ್ಥೆ ಕಿಂಗ್‌ಫಿಷರ್ ಸಮೂಹದ ಕೈಸೇರಿತು, ಮರುವರ್ಷ ಹೆಸರೂ ಅಳಿಯಿತು. ಆದರೂ ಚಿಕ್ಕ ಊರುಗಳಿಗೆ ವಿಮಾನ ಹಾರಬಹುದೆಂಬ ನಂಬಿಕೆ ಅಳಿಯಲಿಲ್ಲ. ಸರ್ಕಾರದ ಉಡಾನ್ ಯೋಜನೆ ಬಂದುದು ಆ ನಂಬಿಕೆಯ ಮೇಲೆಯೇ. ರಿಯಾಯಿತಿ ದರದ ಪೀಠಗಳ ನಷ್ಟವನ್ನು ತುಂಬಿಕೊಡುವ ಆ ಯೋಜನೆಯ ಆಶ್ರಯದಲ್ಲಿ 2017ರಲ್ಲಿ ಬಳ್ಳಾರಿ ಜಿಲ್ಲೆಯ ವಿದ್ಯಾನಗರಕ್ಕೆ ವಿಮಾನ ಬಂದಿಳಿಯಿತು.

ಹುಡುಗನ ಕೋಣೆಯ ಯಂತ್ರಕ್ಕೂ ಈ ಚರಿತ್ರೆಯಲ್ಲಿ ಒಂದು ಸ್ಥಾನವುಂಟು. ಅಮೆರಿಕದ ಬಿಂಗ್‌ಹ್ಯಾಮ್‌ಟನ್ನಿನಲ್ಲಿ ಪಿಯಾನೊ, ಆರ್ಗನ್ ವಾದ್ಯಗಳ ಕಾರ್ಖಾನೆ ನಡೆಸುತ್ತಿದ್ದವರ ಮಗ ಎಡ್ವಿನ್ ಲಿಂಕ್, ಹಾರಾಟ ಕಲಿಯುವುದು ದುಬಾರಿಯೆಂದು ಮನಗಂಡು, ವಾದ್ಯಕ್ಕೆ ಗಾಳಿಯೂಡುವ ತಿದಿಗಳನ್ನೇ ಬಳಸಿ 1929ರ ಸುಮಾರಿಗೆ ನೆಲದ ಮೇಲೆಯೇ ಓಲಾಡುವ ಕೃತಕ ವಿಮಾನವನ್ನು ನಿರ್ಮಿಸಿದನು. ಜಾತ್ರೆಯ ಆಟಿಕೆಯಂತೆ ಕಂಡ ಅದನ್ನು ಮೊದಮೊದಲು ಸೈನ್ಯ ಲೆಕ್ಕಿಸಲಿಲ್ಲ. 1934ರಲ್ಲಿ ಅಂಚೆ ಸಾಗಿಸುವ ಹೊಣೆ ಸೇನೆಯ ಮೇಲೆ ಬಿದ್ದು, ಮಂಜುಮೋಡಗಳಲ್ಲಿ ಉಪಕರಣಗಳನ್ನು ನಂಬಿ ಹಾರಲು ಪಳಗದಿದ್ದ ಎಳೆಯ ವೈಮಾನಿಕರು ಒಬ್ಬರ ಹಿಂದೊಬ್ಬರು ಮಡಿದಾಗ, ಸೈನ್ಯವು ತಲಾ 3,500 ಡಾಲರು ತೆತ್ತು ಅಂಥ ಆರು ಯಂತ್ರಗಳನ್ನು ಕೊಂಡಿತು. ಕೃತಕ ಹಾರಾಟಕ್ಕೆ ಬೆಲೆ ಬಂದುದು ಅಂಚೆಯ ಹೊರೆಯಿಂದ. ಮುಂದೆ ಬ್ರೂಸ್ ಆರ್ಟ್‌ವಿಕ್ ಅದನ್ನು ಗಣಕಯಂತ್ರಕ್ಕೆ ಇಳಿಸಿದನು; 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಲೋಕಕ್ಕೆ ಹಂಚಿತು. ಈ ಶತಮಾನದಲ್ಲಿ ಲೆಕ್ಕಪತ್ರದ ಪೂರಕಗಳು ಬಂದು ಸೇರಿದುವು. ಆಟಕ್ಕೆ ಹೊರೆ ಹೊಸದಾಗಿ ಕೂಡಿತೆಂದು ನಾವು ತಿಳಿಯುತ್ತೇವೆ. ನಿಜವಾಗಿ ಹೊರೆ ತನ್ನ ಮನೆಗೆ ಹಿಂದಿರುಗಿತು.

ಆದುದರಿಂದ ಈ ಆಟವನ್ನು ಹೊಸದಾಗಿ ಪ್ರಾರಂಭಿಸುವವನಿಗೆ ನಾನು ಹೇಳಬಲ್ಲುದು ಇಷ್ಟೇ. ದೊಡ್ಡ ವಿಮಾನದ ಆಸೆ ಬೇಡ. ಚಿಕ್ಕದನ್ನು ಬಾಡಿಗೆಗೆ ಹಿಡಿ. ಇಂಧನದ ಧಾರಣೆಯನ್ನು ಎರಡೂ ಊರುಗಳಲ್ಲಿ ವಿಚಾರಿಸು. ಹೋಗುವ ಹೇರನ್ನು ಒಪ್ಪಿಕೊಳ್ಳುವ ಮೊದಲು ಬರುವ ಹೇರನ್ನು ಹುಡುಕು.

ನಮ್ಮ ಹುಡುಗನು ಆ ಸಂಜೆ ಹೊರಡಲಿಲ್ಲ. ನಕಾಶೆಯನ್ನು ಬಹಳ ಹೊತ್ತು ದಿಟ್ಟಿಸಿ, ಬಳ್ಳಾರಿಯಿಂದ ಹುಬ್ಬಳ್ಳಿಗೆ ಅಂಚೆಯ ಮೂಟೆಯೊಂದಿರುವುದನ್ನೂ, ಹುಬ್ಬಳ್ಳಿಯಿಂದ ಜಕ್ಕೂರಿಗೆ ಮೂವರು ಕಾದಿರುವುದನ್ನೂ ಕಂಡುಹಿಡಿದನು. ನೋಟುಪುಸ್ತಕದಲ್ಲಿ ತ್ರಿಕೋನವೊಂದನ್ನು ಬರೆದು, ಮೂರು ಬದಿಗಳ ಮೇಲೂ ಗಳಿಕೆಯನ್ನು ಗುರುತಿಸಿ, ಮರುದಿನ ಬೆಳಿಗ್ಗೆ ಹೊರಡುವುದೆಂದು ನಿಶ್ಚಯಿಸಿದನು. ಲಂಬಾಣಿ ನಾಯಕನೊಬ್ಬನು ಘಟ್ಟದ ನೆತ್ತಿಯಲ್ಲಿ ನಿಂತು ಮಾಡುತ್ತಿದ್ದ ಲೆಕ್ಕವೂ ಬಹುಶಃ ಇದೇ ಆಕಾರದ್ದು. ಅಷ್ಟರಲ್ಲಿ ಕೆಳಗೆ ಮೈಸೂರು ರಸ್ತೆಯಲ್ಲಿ, ಕಲಾಸಿಪಾಳ್ಯದ ಕಡೆಗೆ ಹೊರಟ ಲಾರಿಯೊಂದು ಸರಪಳಿಯನ್ನು ಝಣಝಣಿಸುತ್ತ ಹಾದುಹೋಯಿತು. ಹುಡುಗನು ಲೇಖನಿಯನ್ನು ಕೈಯಲ್ಲಿ ಹಿಡಿದಂತೆಯೇ ಕಿವಿಗೊಟ್ಟು ಕೇಳಿ, "ಪಾಪ, ಖಾಲಿ ಹೋಗ್ತಾ ಇದೆ" ಎಂದನು.

ಅಷ್ಟು ವರ್ಷಗಳಿಂದ ಆ ಮನೆಯಲ್ಲಿದ್ದರೂ ಅವನು ಆ ಸದ್ದನ್ನು ಕೇಳಿದುದು ಅದೇ ಮೊದಲು.