ಕೃತಕ ಗುರುತ್ವದ ವಾಣಿಜ್ಯ ಬಾಹ್ಯಾಕಾಶ ನಿಲ್ದಾಣಗಳು

ತನ್ನ ಸುತ್ತ ತಾನೇ ತಿರುಗುತ್ತ ಒಳಗಿರುವವರಿಗೆ ತೂಕದ ಅನುಭವ ಕೊಡುವ ನಿಲ್ದಾಣದ ಕಲ್ಪನೆ ಬಾಹ್ಯಾಕಾಶ ಯಾನಕ್ಕಿಂತಲೂ ಹಳೆಯದು. ರಷ್ಯದ ತ್ಸಿಯೊಲ್ಕೊವ್‌ಸ್ಕಿ ಇದನ್ನು ಮೊದಲೇ ಸೂಚಿಸಿದ್ದರು. 1952ರಲ್ಲಿ ವರ್ನರ್ ಫಾನ್ ಬ್ರೌನ್ ಸುಮಾರು 76 ಮೀಟರ್ ವ್ಯಾಸದ ಚಕ್ರಾಕಾರದ ನಿಲ್ದಾಣವನ್ನು ಅಮೆರಿಕದ ಓದುಗರ ಮುಂದಿಟ್ಟರು. 1966ರ ಸೆಪ್ಟೆಂಬರಿನಲ್ಲಿ ಜೆಮಿನಿ 11 ನೌಕೆಯನ್ನು 30 ಮೀಟರ್ ಪಟ್ಟಿಯಿಂದ ಅಜೀನಾ ರಾಕೆಟ್ಟಿಗೆ ಬಿಗಿದು ಎರಡನ್ನೂ ನಿಧಾನವಾಗಿ ತಿರುಗಿಸಲಾಯಿತು. ಗಗನಯಾತ್ರಿಗಳಾದ ಕಾನ್ರಾಡ್ ಮತ್ತು ಗಾರ್ಡನ್ ಅವರ ಮೈಗೆ ಏನೂ ಗೊತ್ತಾಗಲಿಲ್ಲ. ಆದರೆ ಉಪಕರಣ ಫಲಕದ ಬಳಿ ಕೈಬಿಟ್ಟ ಕ್ಯಾಮೆರಾ ತೇಲುತ್ತ ನಿಲ್ಲದೆ ನೇರವಾಗಿ ಕೋಣೆಯ ಹಿಂಬದಿಗೆ ಸರಿಯಿತು. ತತ್ವ ಸರಿಯೆಂದು ಅಂದೇ ಸಾಬೀತಾದರೂ ಅಂಥ ನಿಲ್ದಾಣ ಬರಲಿಲ್ಲ. ಇದಕ್ಕೆ ಮುಖ್ಯ ಕಾರಣ ನಿಲ್ದಾಣಗಳಿಗೆ ಹಣ ಕೊಟ್ಟವರ ಉದ್ದೇಶ. ಸಲ್ಯೂತ್, ಸ್ಕೈಲ್ಯಾಬ್, ಮಿರ್, ಅಂತರರಾಷ್ಟ್ರೀಯ ನಿಲ್ದಾಣ ಎಲ್ಲವೂ ಸರ್ಕಾರಗಳು ಕಟ್ಟಿಸಿದವು. ಅಲ್ಲಿನ ಬಹುಪಾಲು ಪ್ರಯೋಗಗಳಿಗೆ ಬೇಕಾದದ್ದು ತೂಕವಿಲ್ಲದ ಸ್ಥಿತಿ. ಪ್ರಾಣಿ, ಸಸ್ಯಗಳನ್ನು ಬೇರೆ ಬೇರೆ ಗುರುತ್ವದಲ್ಲಿಟ್ಟು ನೋಡಲು ಜಪಾನ್ ಕಟ್ಟುತ್ತಿದ್ದ ಕೇಂದ್ರಾಪಗಾಮಿ ಘಟಕವನ್ನೂ ನಾಸಾ 2005ರಲ್ಲಿ ಕೈಬಿಟ್ಟಿತು. ಆ ನಷ್ಟ ಸಣ್ಣದಲ್ಲ.

ತಿರುಗಿದರೆ ತಲೆಸುತ್ತು ಬರುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ನಿಮಿಷಕ್ಕೆ 2 ಸುತ್ತಿನಲ್ಲಿ ಹೆಚ್ಚಿನವರು ಹೊಂದಿಕೊಳ್ಳುತ್ತಾರೆ, ಆದರೆ ಆ ವೇಗದಲ್ಲಿ ಭೂಮಿಯಷ್ಟೇ ಗುರುತ್ವ ಬೇಕೆಂದರೆ ತ್ರಿಜ್ಯ 224 ಮೀಟರ್ ಇರಬೇಕು. ಚಂದ್ರನಷ್ಟು ಸಾಕೆಂದು ನಿಮಿಷಕ್ಕೆ 4 ಸುತ್ತು ತಿರುಗಿಸಿದರೆ ಸುಮಾರು 9 ಮೀಟರ್ ಸಾಕು. ತೂಕವಿಲ್ಲದ ಸ್ಥಿತಿಯಲ್ಲಿ ಸವೆಯುವ ಮೂಳೆಯನ್ನು ಅಷ್ಟು ಗುರುತ್ವ ಕಾಪಾಡುತ್ತದೆಯೇ ಎಂಬುದೇ ಇತ್ಯರ್ಥವಾಗಬೇಕಾದ ಪ್ರಶ್ನೆ. ವ್ಯಾಯಾಮವೇ ಸಾಲದೇ ಎನ್ನುವವರಿದ್ದಾರೆ. ಗಗನಯಾತ್ರಿಗಳು ದಿನಕ್ಕೆ ಸುಮಾರು ಎರಡು ಗಂಟೆ ಅದಕ್ಕೇ ಮೀಸಲಿಡುತ್ತಾರೆ, ನಿಜ. ತರಬೇತಿ ಪಡೆದವರಿಗೆ ಅದು ಸರಿ. ದುಡ್ಡು ಕೊಟ್ಟು ಬಂದು ತಿಂಗಳುಗಟ್ಟಲೆ ಇರುವವರಿಂದ ಅದೇ ಶಿಸ್ತು ನಿರೀಕ್ಷಿಸಲಾಗದು.

ಇಲ್ಲೇ ಖಾಸಗಿ ಕಂಪನಿಗಳ ಪಾತ್ರ ಬರುತ್ತದೆ. ಹಾಗೆಂದು ಖಾಸಗಿ ಎಂದಾಕ್ಷಣ ಗುರುತ್ವ ಬಂದುಬಿಡುವುದಿಲ್ಲ. ಬಿಗೆಲೊ ಸಂಸ್ಥೆ 2006 ಮತ್ತು 2007ರಲ್ಲಿ ಹಾರಿಸಿದ ಗಾಳಿ ತುಂಬುವ ಜೆನೆಸಿಸ್ ಘಟಕಗಳ ಗುರಿ ಬೇರೆಯಿತ್ತು. ಆಕ್ಸಿಯಮ್, ಸ್ಟಾರ್‌ಲ್ಯಾಬ್ ಯೋಜನೆಗಳೂ ನಾಸಾವನ್ನು ಮುಖ್ಯ ಗಿರಾಕಿಯಾಗಿ ನಂಬಿ ತೂಕವಿಲ್ಲದ ಸ್ಥಿತಿಯನ್ನೇ ಉಳಿಸಿಕೊಂಡಿವೆ. ಭಿನ್ನ ದಾರಿ ಹಿಡಿದದ್ದು 2021ರಲ್ಲಿ ಜೆಡ್ ಮೆಕಲೇಬ್ ಸ್ಥಾಪಿಸಿದ ವಾಸ್ಟ್. ತನ್ನ ಹೇವನ್-1 ನಿಲ್ದಾಣವನ್ನು ತಿರುಗಿಸಿ ಚಂದ್ರನಷ್ಟು ಗುರುತ್ವವನ್ನು ಪರೀಕ್ಷಿಸುವುದಾಗಿ ಅದು ಘೋಷಿಸಿದೆ. ಇಂಥ ಪರೀಕ್ಷೆಗಳಿಂದ ದೊರೆಯುವ ಮಾಹಿತಿಯನ್ನು ಕಂಪನಿಗಳು ವ್ಯಾಪಾರದ ಗುಟ್ಟಾಗಿ ಬಚ್ಚಿಡದೆ ಎಲ್ಲ ದೇಶಗಳ ವೈದ್ಯವಿಜ್ಞಾನಿಗಳಿಗೆ ಒದಗಿಸಬೇಕು.