ಪೋಕರ್‌ನಲ್ಲಿ ಗೆದ್ದವರ ಲೆಕ್ಕ ಬರೆದವರು ಯಾರು?

ಕೆಲವು ವರ್ಷಗಳ ಹಿಂದೆ ನನ್ನ ಗೆಳೆಯನೊಬ್ಬ ವಾಟ್ಸಾಪ್ ಗ್ರೂಪಿನಲ್ಲಿ ಪೋಕರ್ ಗೆದ್ದ ಸ್ಕ್ರೀನ್‌ಶಾಟ್ ಹಾಕ್ತಾನೇ ಇದ್ದ. ಒಂದು ದಿನ ಕೇಳಿದೆ, 'ಎಂಟ್ರಿಗೆ ಅಂತ ಒಟ್ಟು ಎಷ್ಟು ಕಟ್ಟಿದ್ದೀಯ ಮಾರಾಯ?' ಬ್ಲೂ ಟಿಕ್ ಬಂತು, ಅಷ್ಟೇ. ಇವತ್ತಿನ ಕಥೆ ಆ ಪ್ರಶ್ನೆಯದ್ದೇ.

1970, ಲಾಸ್ ವೇಗಸ್. ಬೆನ್ನಿ ಬಿನಿಯನ್ ತನ್ನ ಹಾರ್ಸ್‌ಶೂ ಕ್ಯಾಸಿನೊದಲ್ಲಿ ಮೊದಲ 'ವರ್ಲ್ಡ್ ಸೀರೀಸ್ ಆಫ್ ಪೋಕರ್' ನಡೆಸಿದ. ಆಡಿದ್ದು ಕ್ಯಾಶ್ ಗೇಮ್. ಅಂದರೆ ಬೇಕಾದಾಗ ಕೂರಬಹುದು, ಬೇಡ ಅನ್ನಿಸಿದಾಗ ಏಳಬಹುದು. ಯಾರಿಗೆ ಎಷ್ಟು ಬಂತು ಅನ್ನೋದು ಅವರವರ ಜೇಬಿಗೇ ಗೊತ್ತು. ಹಾಗಾಗಿ ಆಟಗಾರರೇ ವೋಟು ಹಾಕಿ ಜಾನಿ ಮಾಸ್‌ನನ್ನು ಚಾಂಪಿಯನ್ ಅಂತ ಆರಿಸಿದರು! ಮರುವರ್ಷ ಪದ್ಧತಿ ಬದಲಾಯಿತು. ಎಲ್ಲರೂ ಸಮ ದುಡ್ಡು ಕಟ್ಟಬೇಕು, ಚಿಪ್ಸ್ ಖಾಲಿಯಾದವರು ಹೊರಗೆ. ಗೆದ್ದದ್ದು ಮತ್ತೆ ಮಾಸೇ. ಆದರೆ ಈಗ ಪತ್ರಿಕೆಗೆ ಕೊಡೋಕೆ ಒಂದು ಅಂಕಿ ಸಿಕ್ಕಿತು.

ಎಡವಟ್ಟು ಶುರುವಾಗಿದ್ದು ಅಲ್ಲೇ ಅಂತ ನನಗನ್ನಿಸುತ್ತೆ. ಆ ಅಂಕಿ ಬಹುಮಾನದ್ದು, ಲಾಭದ್ದಲ್ಲ.

2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನೋ ಅಕೌಂಟೆಂಟ್ (ಹೆಸರು ನಿಜವಾದದ್ದೇ, ನಾನು ಕಟ್ಟಿದ್ದಲ್ಲ) 86 ಡಾಲರಿನ ಆನ್‌ಲೈನ್ ಆಟದಿಂದ ಮುಖ್ಯ ಟೂರ್ನಮೆಂಟಿಗೆ ಬಂದು 25 ಲಕ್ಷ ಡಾಲರ್ ಗೆದ್ದ. ಜಗತ್ತೆಲ್ಲ ಆ ಕಥೆ ಕೇಳಿತು. ಅವತ್ತು ಎಂಟ್ರಿ ಫೀ ತಲಾ 10,000 ಡಾಲರ್, ಆಡಿದವರು 839 ಜನ, ಬಹುಮಾನ ಸಿಕ್ಕಿದ್ದು 63 ಜನಕ್ಕೆ. ಉಳಿದ 776 ಜನ ಬರಿಗೈಯಲ್ಲಿ ಎದ್ದು ಹೋದರು.

ಲೆಕ್ಕ ಹಾಕೋದು ಹೇಗೆ? ನೂರು ಟೂರ್ನಮೆಂಟಿಗೆ ತಲಾ ಸಾವಿರ ರೂಪಾಯಿ ಕಟ್ಟಿ, ಒಂದರಲ್ಲಿ 60,000 ಗೆದ್ದೆ ಅಂದ್ಕೊಳ್ಳಿ. ಸ್ಕ್ರೀನ್‌ಶಾಟ್‌ನಲ್ಲಿ 60,000 ಕಾಣುತ್ತೆ. ನಿಜಕ್ಕೂ ಹೋಗಿದ್ದು 40,000, ಅಂದರೆ ಹಾಕಿದ್ದರ ಮೇಲೆ ಶೇ. 40 ನಷ್ಟ. ಕ್ಯಾಶ್ ಗೇಮ್‌ನಲ್ಲಿ ಅಳತೆಗೋಲೇ ಬೇರೆ: ನೂರು ಹ್ಯಾಂಡಿಗೆ ಎಷ್ಟು ಬಿಗ್ ಬ್ಲೈಂಡ್ ಉಳಿಯಿತು ಅನ್ನೋದು. 20,000 ಹ್ಯಾಂಡಿನಲ್ಲಿ 1,000 ಬಿಗ್ ಬ್ಲೈಂಡ್ ಗೆದ್ದರೆ, ನೂರಕ್ಕೆ 5. ಅದೂ ಅದೃಷ್ಟದ ಆಟವೇ ಇರಬಹುದು. ಮೇಜಿನ ಮುಂದೆ ಕೂತು ಗಂಟೆಗೆ ಮೂವತ್ತರಂತೆ ಆಡಿದರೆ ಅಷ್ಟಕ್ಕೇ 650 ಗಂಟೆ ದಾಟುತ್ತೆ. ಆನ್‌ಲೈನ್ ಬಂದು, ಸಾಫ್ಟ್‌ವೇರ್ ಪ್ರತಿ ಹ್ಯಾಂಡನ್ನೂ ಬರೆದಿಡೋಕೆ ಶುರು ಮಾಡಿದ ಮೇಲೇ ಈ ಲೆಕ್ಕ ಜನಸಾಮಾನ್ಯರ ಕೈಗೆ ಸಿಕ್ಕಿದ್ದು.

ಸ್ಟೂ ಉಂಗರ್‌ನ ಕಥೆ ಹೇಳದೆ ಮುಗಿಸೋಕಾಗಲ್ಲ. 1980, 1981ರ ಚಾಂಪಿಯನ್. 1997ರಲ್ಲಿ ಮತ್ತೆ ಬಂದಾಗ ಎಂಟ್ರಿ ಕಟ್ಟೋಕೂ ಕಾಸಿರಲಿಲ್ಲ. ಬಿಲ್ಲಿ ಬ್ಯಾಕ್ಸ್ಟರ್ 10,000 ಡಾಲರ್ ಕೊಟ್ಟ, ಗೆದ್ದರೆ ಅರ್ಧ ಅವನಿಗೆ ಅನ್ನೋ ಮಾತಿನ ಮೇಲೆ. ಉಂಗರ್ ಗೆದ್ದ. ದಾಖಲೆಯಲ್ಲಿ ಇವತ್ತಿಗೂ ಅವನ ಹೆಸರಿನ ಮುಂದೆ ಪೂರ್ತಿ 10 ಲಕ್ಷ ಡಾಲರ್ ಇದೆ. 1998ರ ನವೆಂಬರ್‌ನಲ್ಲಿ ವೇಗಸ್‌ನ ಒಂದು ಅಗ್ಗದ ಮೋಟೆಲ್ ರೂಮಿನಲ್ಲಿ ಅವನು ಸತ್ತು ಬಿದ್ದಿದ್ದ. ವಯಸ್ಸು 45. ಹತ್ತಿರ ಸಿಕ್ಕಿದ್ದು ಸುಮಾರು 800 ಡಾಲರ್.