ಟೈಟೇನಿಯಂ ಅಲ್ಯೂಮಿನೈಡ್

ಜರ್ಮನಿಯ ರಸಾಯನಶಾಸ್ತ್ರಜ್ಞ ಕ್ಲಾಪ್ರೋತ್ 1795ರಲ್ಲಿ ಹೊಸ ಧಾತುವೊಂದಕ್ಕೆ ಗ್ರೀಕ್ ಪುರಾಣದ ಭೂದೇವಿಯ ಮಕ್ಕಳಾದ ಟೈಟನ್ನರ ಹೆಸರಿಟ್ಟ. ಅಲ್ಯೂಮಿನಿಯಂ ಬಂದದ್ದು ಲ್ಯಾಟಿನ್ನಿನ ‘ಅಲುಮೆನ್’ನಿಂದ, ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಪಟಿಕ ಅದೇ. ಆದರೆ ಇಲ್ಲಿ ಮುಖ್ಯವಾದದ್ದು ಕೊನೆಯ ‘ಐಡ್’. ಕ್ಲೋರೈಡ್, ಸಲ್ಫೈಡ್‌ಗಳಲ್ಲಿರುವಂತೆ ಅದು ಸಂಯುಕ್ತದ ಗುರುತು. ಸಾಮಾನ್ಯ ಮಿಶ್ರಲೋಹದಲ್ಲಿ ಪರಮಾಣುಗಳು ಹೇಗೆಂದರೆ ಹಾಗೆ ಬೆರೆತಿರುತ್ತವೆ. ಗಾಮಾ ಎಂಬ ಬಗೆಯ ಟೈಟೇನಿಯಂ ಅಲ್ಯೂಮಿನೈಡಿನಲ್ಲಿ ಟೈಟೇನಿಯಂ ಒಂದು ಪದರ, ಅಲ್ಯೂಮಿನಿಯಂ ಒಂದು ಪದರ, ಹೀಗೆ ಸರದಿ ಪ್ರಕಾರ ಕೂತಿರುತ್ತವೆ. ಆದ್ದರಿಂದ ಇದನ್ನು ‘ಅಂತರಲೋಹ ಸಂಯುಕ್ತ’ ಎನ್ನುವುದೇ ಹೆಚ್ಚು ಸರಿ.

ಇದರ ತೂಕ ನಿಕ್ಕಲ್ ಮಿಶ್ರಲೋಹದ ಸುಮಾರು ಅರ್ಧ. 700 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲೂ ಬಲ ಕುಂದದು. ತಣ್ಣಗಿರುವಾಗ ಮಾತ್ರ ಬಲು ಪೆಡಸು, ಶೇ. 1–2ರಷ್ಟು ಹಿಗ್ಗಿಸಿದರೆ ಸಾಕು, ಮುರಿಯುತ್ತದೆ. ಈ ಪೆಡಸುತನ ತಗ್ಗಿಸಲು ತುಸು ಕ್ರೋಮಿಯಂ, ತುಕ್ಕು ತಡೆಯಲು ನಿಯೋಬಿಯಂ ಸೇರಿಸುತ್ತಾರೆ. ಕರಗಿದ ಮೇಲೆ ಅಲ್ಯೂಮಿನೈಡ್ ಸಾಮಾನ್ಯ ಮೂಸೆಯನ್ನೇ ತಿನ್ನುವುದರಿಂದ, ನೀರು ಹರಿಸಿ ತಂಪಾಗಿಟ್ಟ ತಾಮ್ರದ ಮೂಸೆಯಲ್ಲಿ, ಗಾಳಿ ಸೋಕದಂತೆ ಕರಗಿಸಬೇಕು. ಇಷ್ಟೆಲ್ಲ ಪಡಿಪಾಟಲು ಪಟ್ಟು ತಯಾರಿಸಿದ ಅಲಗುಗಳು ಇಂದು ಬೋಯಿಂಗ್ 787 ವಿಮಾನದ ಜಿಇಎನ್‌ಎಕ್ಸ್ ಎಂಜಿನ್ನಿನಲ್ಲಿ, ಟರ್ಬೈನಿನ ಕೊನೆಯ ಹಂತಗಳಲ್ಲಿ ತಿರುಗುತ್ತಿವೆ.